ಕಾಲಾಳಿನ ಒಂದು ಹೆಜ್ಜೆ

ಸಂಗೀತ ಕಚೇರಿಯಲ್ಲಿ ವಿದ್ವಾಂಸರು ಮೊದಲು ವರ್ಣವನ್ನು ಹಾಡುತ್ತಾರೆ. ಅದು ಅವರ ಸ್ವಂತದ್ದಲ್ಲ. ಗುರುಮುಖದಿಂದ ಬಂದದ್ದು, ನೂರಾರು ಸಲ ಹಾಡಿ ಹದಗೊಂಡದ್ದು. ಸ್ವಂತದ್ದೇನಿದ್ದರೂ ಆಮೇಲೆ ಆಲಾಪನೆಯಲ್ಲಿ ಕಾಣಬೇಕು. ಚದುರಂಗದ ಆಟವೂ ಬಹುಮಟ್ಟಿಗೆ ಹೀಗೆಯೇ. ಪಂದ್ಯದ ಮಣೆಯ ಮುಂದೆ ಕುಳಿತ ಪಳಗಿದ ಆಟಗಾರನು ಮೊದಲ ಹತ್ತು ಹನ್ನೆರಡು ನಡೆಗಳನ್ನು ಯೋಚಿಸಿ ಆಡುವುದಿಲ್ಲ, ನೆನಪಿನಿಂದ ಆಡುತ್ತಾನೆ. ಆ ನಡೆಗಳನ್ನು ಅವನಿಗಿಂತ ಮುಂಚೆ ಎಷ್ಟೋ ಜನ ಆಡಿದ್ದಾರೆ, ಸೋತಿದ್ದಾರೆ, ತಿದ್ದಿದ್ದಾರೆ, ಅಚ್ಚು ಹಾಕಿಸಿದ್ದಾರೆ. ಓಪನಿಂಗ್ ಎಂದು ಕರೆಯುವ ಈ ಆರಂಭದ ನಡೆಗಳಿಗೆ ಊರುಗಳ ಹೆಸರುಂಟು, ದೇಶಗಳ ಹೆಸರುಂಟು, ಆಟಗಾರರ ಹೆಸರುಗಳಂತೂ ಲೆಕ್ಕವಿಲ್ಲದಷ್ಟುಂಟು. ಆರಂಭವೆಂಬುದು ಚದುರಂಗ ಲೋಕದ ಸಾಮೂಹಿಕ ಸ್ಮರಣೆ.

ಹಾಗಾದರೆ ಆ ಸ್ಮರಣೆಯಲ್ಲಿ ಪಾಲಿಲ್ಲದ ಒಬ್ಬ ಮನುಷ್ಯ ಆ ಮಣೆಯ ಮುಂದೆ ಬಂದು ಕುಳಿತರೆ ಏನಾದೀತು? ಇದು ಕಲ್ಪನೆಯ ಪ್ರಶ್ನೆಯಲ್ಲ. ಅಂಥವನೊಬ್ಬ ನಿಜವಾಗಿಯೂ ಬಂದು ಕುಳಿತಿದ್ದ. ಆತನ ಒಂದು ಆಟದ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಅದಕ್ಕೆ ಮುನ್ನ ನಮ್ಮ ಮನೆಯ ಜಗಲಿಗೆ ಒಮ್ಮೆ ಹೋಗಿಬರೋಣ. ನನ್ನ ತಾಯಿಯ ತಂದೆಯವರು ಸಂಜೆಯ ಹೊತ್ತು ಜಗಲಿಯ ಮೇಲೆ ಚದುರಂಗದ ಹಾಸನ್ನು ಹರಡಿ ಕೂಡುತ್ತಿದ್ದರು. ಕಾಲೇಜಿಗೆ ಹೋಗುತ್ತಿದ್ದ ನನ್ನ ಸೋದರಮಾವ ಒಮ್ಮೆ ರಜೆಯಲ್ಲಿ ಊರಿಗೆ ಬಂದವರು ತಂದೆಯ ಎದುರು ಆಟಕ್ಕೆ ಕುಳಿತು, ಮೊದಲ ನಡೆಯಲ್ಲೇ ಕಾಲಾಳನ್ನು ಎರಡು ಮನೆ ಮುಂದಕ್ಕಿಟ್ಟರು. ಅಜ್ಜ ಮಣೆಯನ್ನೊಮ್ಮೆ, ಮಗನ ಮುಖವನ್ನೊಮ್ಮೆ ನೋಡಿ, “ಏನೋ, ನಿನ್ನ ಕಾಲಾಳಿಗೆ ಕುದುರೆಯ ಕಾಲು ಬಂತೇನೋ?” ಎಂದರು. ಮಾವ ಹೊಸ ನಿಯಮಗಳನ್ನು ವಿವರಿಸಿದರು. ಅಜ್ಜ ಎಲ್ಲವನ್ನೂ ಕೇಳಿಕೊಂಡು ಆ ಕಾಲಾಳನ್ನು ಮೆಲ್ಲಗೆ ಒಂದು ಮನೆ ಹಿಂದಕ್ಕೆ ಸರಿಸಿದರು. “ನಡೆಯುವವನು ನಡೆಯಲಿ, ಓಡುವುದೇಕೆ?” ಎಂದರು. ಆಟ ಮುಂದುವರಿಯಿತು.

ಅಜ್ಜ ಆಡುತ್ತಿದ್ದುದು ನಮ್ಮ ದೇಶದ ಹಳೆಯ ಪದ್ಧತಿಯ ಆಟ. ಪ್ರದೇಶದಿಂದ ಪ್ರದೇಶಕ್ಕೆ ಅದರಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಮುಖ್ಯ ಲಕ್ಷಣಗಳು ಒಂದೇ. ಕಾಲಾಳು ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಮನೆ ನಡೆಯುತ್ತದೆ. ರಾಜನನ್ನೂ ಆನೆಯನ್ನೂ ಒಟ್ಟಿಗೆ ಸರಿಸಿ ರಾಜನಿಗೆ ಮರೆ ಕಟ್ಟುವ ಕ್ಯಾಸ್ಲಿಂಗ್ ಅದರಲ್ಲಿಲ್ಲ. ಬದಲಿಗೆ ರಾಜನು ಒಮ್ಮೆ ಮಾತ್ರ ಕುದುರೆಯಂತೆ ಹಾರಬಹುದು. ಯೂರೋಪಿನಲ್ಲಿ ಸುಮಾರು 500 ವರ್ಷಗಳ ಹಿಂದೆ ಆಟದ ನಿಯಮಗಳು ಬದಲಾಗಿ ಮಂತ್ರಿಗೂ ಒಂಟೆಗೂ ದೂರದ ಓಟ ಬಂದಿತು, ಕಾಲಾಳಿನ ಮೊದಲ ಹೆಜ್ಜೆ ಅದಕ್ಕೂ ಮುಂಚೆಯೇ ಇಮ್ಮಡಿಯಾಗಿತ್ತು. ಆಟದ ವೇಗ ಹೆಚ್ಚಿತು. ಮೊದಲ ಕೆಲವು ನಡೆಗಳಲ್ಲೇ ಅನಾಹುತವಾಗಬಹುದೆಂದಾದಾಗ ಆರಂಭವನ್ನು ಬಾಯಿಪಾಠ ಮಾಡುವುದು ಅನಿವಾರ್ಯವಾಯಿತು, ಪುಸ್ತಕಗಳು ಹುಟ್ಟಿದವು.

ನಮ್ಮಲ್ಲಿ ಚದುರಂಗದ ವಿದ್ಯೆ ಇರಲಿಲ್ಲವೆಂದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಿಗೆಂದೇ ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ಒಂದು ಭಾಗವನ್ನು ಮೀಸಲಿಟ್ಟರು, ಕುದುರೆಯು ಒಮ್ಮೆ ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದೆ ಮಣೆಯ ಎಲ್ಲ ಮನೆಗಳನ್ನೂ ಸುತ್ತಿ ಬರುವ ಬಂಧಗಳನ್ನು ರಚಿಸಿದರು. ವಿದ್ಯೆ ಇತ್ತು. ಆದರೆ ಇಂಥವನು ಇಂಥವನೊಡನೆ ಇಂಥ ದಿನ ಹೀಗೆ ಆಡಿದನೆಂದು ನಡೆ ನಡೆಯನ್ನೂ ಬರೆದಿಟ್ಟು, ಅಚ್ಚು ಹಾಕಿ, ಹಂಚುವ ಪದ್ಧತಿ ಇರಲಿಲ್ಲ. ಜಗಲಿಯ ಮೇಲೆ ಆಡಿದ ಆಟ ಜಗಲಿಯ ಮೇಲೆಯೇ ಮುಗಿಯುತ್ತಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ಪಾಶ್ಚಾತ್ಯ ಆರಂಭಗಳ ಪಟ್ಟಿಯಲ್ಲಿ ‘ಇಂಡಿಯನ್’ ಎಂಬ ಹೆಸರು ಹೊತ್ತ ಒಂದು ದೊಡ್ಡ ಕುಟುಂಬವೇ ಇದೆ. ಆ ಹೆಸರಿನ ಮೂಲದಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬ ಬಂಗಾಳಿ ಇದ್ದಾನೆ. 19ನೆಯ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿದ್ದ ಬ್ರಿಟಿಷ್ ನ್ಯಾಯವಾದಿ ಜಾನ್ ಕಾಕ್ರೇನ್ ಆತನೊಡನೆ ನೂರಾರು ಆಟಗಳನ್ನಾಡಿದ. ಒಂದೊಂದೇ ಮನೆ ನಡೆಯುವ ಕಾಲಾಳುಗಳ ಆಟದಲ್ಲಿ ಬೆಳೆದ ಮಹೇಶಚಂದ್ರನು ಮಣೆಯ ನಡುವನ್ನು ಮೊದಲೇ ಆಕ್ರಮಿಸದೆ, ಪಕ್ಕದ ಕಾಲಾಳನ್ನು ಒಂದು ಮನೆ ಸರಿಸಿ, ಆ ಸಂದಿನಲ್ಲಿ ಒಂಟೆಯನ್ನಿಟ್ಟು ದೂರದಿಂದ ನಡುವಿನ ಮೇಲೆ ಕಣ್ಣಿಡುತ್ತಿದ್ದ. ಯೂರೋಪಿಗೆ ಅದು ಬಹುಕಾಲ ಒಂದು ವಿಚಿತ್ರವಾಗಿಯೇ ಉಳಿಯಿತು. ಮುಂದೆ 1920ರ ದಶಕದಲ್ಲಿ ನಿಮ್‌ಜೋವಿಚ್ ಮೊದಲಾದ ಹೊಸ ಪಂಥದ ಆಟಗಾರರು ಅದೇ ದಾರಿಯನ್ನು ಶಾಸ್ತ್ರವಾಗಿ ಬೆಳೆಸಿದರು. ರಾಜನ ಪಕ್ಕದ ಒಂಟೆ ಹಾಗೆ ಕುಳಿತರೆ ಕಿಂಗ್ಸ್ ಇಂಡಿಯನ್, ಮಂತ್ರಿಯ ಪಕ್ಕದ ಒಂಟೆ ಕುಳಿತರೆ ಕ್ವೀನ್ಸ್ ಇಂಡಿಯನ್ ಎಂದಾಯಿತು. ನಾವು ಮಂತ್ರಿ ಎನ್ನುವ ಕಾಯಿ ಅವರಿಗೆ ರಾಣಿ.

ಈಗ ಆ ಮನುಷ್ಯನ ಬಳಿಗೆ ಬರೋಣ. ಆತನ ಹೆಸರು ಮೀರ್ ಸುಲ್ತಾನ್ ಖಾನ್. ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ಮಿಠಾ ತಿವಾನಾ ಎಂಬ ಊರಿನವನು. ಒಂಬತ್ತು ವರ್ಷದ ಬಾಲಕನಾಗಿದ್ದಾಗ ತಂದೆಯಿಂದ ನಮ್ಮ ಪದ್ಧತಿಯ ಚದುರಂಗವನ್ನು ಕಲಿತ. ದೊಡ್ಡ ಜಮೀನುದಾರರಾಗಿದ್ದ ಸರ್ ಉಮರ್ ಹಯಾತ್ ಖಾನ್ ಅವರು ಆತನ ಆಟಕ್ಕೆ ಮಾರುಹೋಗಿ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಪಾಶ್ಚಾತ್ಯ ನಿಯಮಗಳನ್ನು ಕಲಿಯಲು ಏರ್ಪಾಟು ಮಾಡಿದರು. 1928ರಲ್ಲಿ ಆತ ಒಂದು ಸೋಲನ್ನೂ ಕಾಣದೆ ಅಖಿಲ ಭಾರತ ಚಾಂಪಿಯನ್ ಆದ. 1929ರ ವಸಂತದಲ್ಲಿ ಉಮರ್ ಹಯಾತ್ ಅವರೊಡನೆ ಲಂಡನ್ನಿಗೆ ಹೋದ.

ಅಲ್ಲಿ ಅಭ್ಯಾಸಕ್ಕೆಂದು ಏರ್ಪಡಿಸಿದ ಮೊದಲ ಪಂದ್ಯಾವಳಿಯಲ್ಲಿ ಆತ ತೀರ ಕೆಳಗಿನ ಸ್ಥಾನಕ್ಕೆ ಬಿದ್ದ. ಆರಂಭದ ಜ್ಞಾನ ಇಲ್ಲದಿದ್ದುದೇ ಅದಕ್ಕೆ ಮುಖ್ಯ ಕಾರಣ. ಆತನನ್ನು ಹಿಂದೆ ಹಾಕಿದ್ದ ವಿಂಟರ್ ಮತ್ತು ಯೇಟ್ಸ್ ಎಂಬ ಇಬ್ಬರು ಇಂಗ್ಲಿಷ್ ಆಟಗಾರರೇ ಮುಂದೆ ಬಂದು ಆತನಿಗೆ ಅಭ್ಯಾಸ ಮಾಡಿಸಿದರೆಂಬುದನ್ನು ಇಲ್ಲಿ ನೆನೆಯಬೇಕು. ವಿದ್ಯೆಗೆ ಅಂಥ ಔದಾರ್ಯ ಸಹಜವಾದದ್ದು. ಅದೇ ಬೇಸಿಗೆಯಲ್ಲಿ ರಾಮ್ಸ್‌ಗೇಟಿನಲ್ಲಿ ನಡೆದ ಬ್ರಿಟಿಷ್ ಚಾಂಪಿಯನ್‌ಷಿಪ್‌ನಲ್ಲಿ ಸುಲ್ತಾನ್ ಖಾನ್ ಮೊದಲಿಗನಾದ. ಊರಿಗೆ ಹೋಗಿ, 1930ರಲ್ಲಿ ಮತ್ತೆ ಬಂದ.

ಆ ವರ್ಷದ ಕೊನೆಗೆ, ಕ್ರಿಸ್‌ಮಸ್ ಕಳೆದ ಮೇಲೆ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್ ಪಟ್ಟಣದಲ್ಲಿ ವಾಡಿಕೆಯ ಪಂದ್ಯಾವಳಿ ಸೇರಿತು. ಕಾಲವನ್ನು ಗಮನಿಸಬೇಕು. ಉಪ್ಪಿನ ಸತ್ಯಾಗ್ರಹದ ವರ್ಷವದು. ಲಂಡನ್ನಿನಲ್ಲಿ ಮೊದಲನೆಯ ದುಂಡುಮೇಜಿನ ಪರಿಷತ್ತು ನಡೆಯುತ್ತಿತ್ತು; ಭಾರತೀಯರಿಗೆ ಎಷ್ಟು ಅಧಿಕಾರ ಕೊಡಬಹುದು, ಎಷ್ಟು ಕೊಡಬಾರದು ಎಂದು ದೊಡ್ಡವರು ಅಳೆದು ತೂಗುತ್ತಿದ್ದರು. ಹೇಸ್ಟಿಂಗ್ಸಿನಲ್ಲಿ ಪೇಟ ಸುತ್ತಿದ ಒಬ್ಬ ಮಿತಭಾಷಿ ಪಂಜಾಬಿಯ ಎದುರಿಗೆ ಕ್ಯೂಬಾ ದೇಶದ ಹೋಸೆ ರೌಲ್ ಕಾಪಾಬ್ಲಾಂಕ ಬಂದು ಕುಳಿತ.

ಕಾಪಾಬ್ಲಾಂಕ ಎಂದರೆ ಸಾಮಾನ್ಯನಲ್ಲ. 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದವನು. 1916ರಿಂದ 1924ರವರೆಗೆ ಎಂಟು ವರ್ಷಗಳ ಕಾಲ ಪಂದ್ಯಗಳಲ್ಲಿ ಒಂದು ಸೋಲನ್ನೂ ಕಾಣದಿದ್ದವನು. ಪುಸ್ತಕಗಳಲ್ಲಿ ಮುಳುಗಿದ ಆಟಗಾರನೆಂದು ಆತನೂ ಹೆಸರಾಗಿರಲಿಲ್ಲ. ಸಹಜ ಪ್ರತಿಭೆಯೇ ಆತನ ಬಂಡವಾಳ. ಕಾಯಿಗಳು ಕಡಮೆಯಾದ ಮೇಲೆ, ಕೊನೆಯ ಘಟ್ಟದಲ್ಲಿ, ಆತನನ್ನು ಮೀರಿಸುವವರು ಇರಲಿಲ್ಲ.

ಶ್ರೋತೃಗಳು ದಯಮಾಡಿ ಮಣೆಯನ್ನು ಮನಸ್ಸಿನಲ್ಲಿ ಹಾಸಿಕೊಳ್ಳಬೇಕು. ಬಿಳಿಯ ಪಡೆ ಸುಲ್ತಾನ್ ಖಾನನದು, ಕರಿಯ ಪಡೆ ಕಾಪಾಬ್ಲಾಂಕನದು. ಬಿಳಿಯ ಕುದುರೆ ಮೊದಲು ಹೊರಬಂತು. ಕರಿಯ ಕುದುರೆಯೂ ಬಂತು. ಸುಲ್ತಾನ್ ಖಾನ್ ಮಂತ್ರಿಯ ಮುಂದಿನ ಕಾಲಾಳನ್ನೂ ಅದರ ಪಕ್ಕದ ಕಾಲಾಳನ್ನೂ ಎರಡೆರಡು ಮನೆ ನಡೆಸಿದ. ಕಾಪಾಬ್ಲಾಂಕನ ಉತ್ತರವೇನು? ಮಂತ್ರಿಯ ಕಡೆಯ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ಆ ಸಂದಿನಲ್ಲಿ ಒಂಟೆಯನ್ನಿಟ್ಟ. ಅದೇ ಕ್ವೀನ್ಸ್ ಇಂಡಿಯನ್! ಇಂಡಿಯಾದ ಹೆಸರಿನ ಆರಂಭವನ್ನು ಕ್ಯೂಬಾದವನು ಇಂಡಿಯಾದವನ ವಿರುದ್ಧವೇ ಹೂಡಿದ್ದ.

ಐದನೆಯ ನಡೆ ಬಂತು. ಮಣೆಯ ಎಡದಂಚಿನಲ್ಲಿ, ಆನೆಯ ಮುಂದೆ ನಿಂತ ಕಾಲಾಳನ್ನು ಸುಲ್ತಾನ್ ಖಾನ್ ಒಂದೇ ಒಂದು ಮನೆ ಮುಂದಕ್ಕೆ ಇಟ್ಟ. ಕಾಯಿಗಳನ್ನು ಬೇಗ ಬೇಗ ಹೊರತರಬೇಕೆಂಬುದು ಆರಂಭದ ಶಾಸ್ತ್ರದ ಮೊದಲ ಪಾಠ. ಅಂಥ ಹೊತ್ತಿನಲ್ಲಿ ಅಂಚಿನ ಕಾಲಾಳಿಗೆ ಒಂದು ನಡೆಯನ್ನು ಕೊಡುವುದು ಕಾಲಹರಣದಂತೆ ಕಂಡೀತು. ಆದರೆ ಅದರಲ್ಲಿ ಸ್ಪಷ್ಟವಾದ ಅರ್ಥವಿದೆ. ಕರಿಯ ಪಡೆಯ ಇನ್ನೊಂದು ಒಂಟೆ ದೂರದಿಂದ ಬಂದು ಬಿಳಿಯ ಕುದುರೆಯನ್ನು ಕಟ್ಟಿಹಾಕಬಹುದಾಗಿತ್ತು. ಆ ಒಂಟೆ ಬಂದು ನಿಲ್ಲಬೇಕಾದ ಮನೆಯನ್ನೇ ಕಾಲಾಳು ಕಾಯ್ದುಕೊಂಡಿತು. ಒಂದು ಹೆಜ್ಜೆಯ ನಡಿಗೆಯನ್ನು ಕೀಳೆಂದು ಭಾವಿಸದ ಆಟದಲ್ಲಿ ಬೆಳೆದವನಿಗೆ ಅದು ಅಳುಕಿಲ್ಲದೆ ಹೊಳೆದಿದ್ದರೆ ಆಶ್ಚರ್ಯವೇನಿಲ್ಲ.

ಹನ್ನೆರಡನೆಯ ನಡೆಯಲ್ಲಿ ಬಿಳಿಯ ಕುದುರೆ ಗಡಿ ದಾಟಿ ಎದುರಾಳಿಯ ಸೀಮೆಗೆ ಹಾರಿತು. ಅದನ್ನು ಎದುರಿಸಲು ಮುಂದೆ ಬಂದ ಕರಿಯ ಒಂಟೆ ಕುದುರೆಗೆ ಬಲಿಯಾಯಿತು. ಕುದುರೆಯೂ ಅಲ್ಲೇ ಬಿತ್ತು. ಲೆಕ್ಕ ಸರಿಹೋಯಿತು, ಆದರೆ ಕರಿಯ ಕಾಲಾಳುಗಳೆರಡು ಒಂದರ ಹಿಂದೊಂದು ಸಿಕ್ಕಿಕೊಂಡವು. ಸಂದಿನಲ್ಲಿ ಕುಳಿತು ಮಣೆಯನ್ನು ಉದ್ದಕ್ಕೂ ಆಳಬೇಕಾಗಿದ್ದ ಇನ್ನೊಂದು ಒಂಟೆಗೆ ತನ್ನವೇ ಕಾಲಾಳುಗಳು ಗೋಡೆಯಾದವು. ಅಲ್ಲಿಂದ ಮುಂದೆ ಸುಲ್ತಾನ್ ಖಾನ್ ಬಲದಂಚಿನ ಕಾಲಾಳುಗಳನ್ನು ಎತ್ತಿಕೊಂಡು ಹೊರಟ. ಇಷ್ಟಾದರೂ ತನ್ನ ರಾಜನಿಗೆ ಕ್ಯಾಸ್ಲಿಂಗ್ ಮಾಡಲಿಲ್ಲ. ಕಾಪಾಬ್ಲಾಂಕ ಎಂಟನೆಯ ನಡೆಯಲ್ಲೇ ರಾಜನನ್ನು ಮರೆಗೆ ಸೇರಿಸಿದ್ದ. ಸುಲ್ತಾನ್ ಖಾನನ ರಾಜ ಆಟದುದ್ದಕ್ಕೂ ಮರೆಗೆ ಹೋಗಲೇ ಇಲ್ಲ.

ಬಯಲಲ್ಲಿ ನಿಂತ ರಾಜ ಕಣ್ಣಿಗೆ ಬಿದ್ದಾಗ ನುಗ್ಗದೆ ಇರುವವರು ಯಾರು? ಕಾಪಾಬ್ಲಾಂಕ ತನ್ನೆರಡು ಆನೆಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದ. ಬಿಳಿಯ ಒಂಟೆಯೊಂದು ಆ ಆನೆಯನ್ನು ಗುರಿಯಿಟ್ಟಾಗ, ಇಪ್ಪತ್ತೊಂದನೆಯ ನಡೆಯಲ್ಲಿ, ಮುಂದಿನ ಆನೆ ಬಿಳಿಯ ಕೊನೆಯ ಸಾಲಿಗೇ ಧಾವಿಸಿ ಶಹ ಕೊಟ್ಟಿತು. ರಾಜ ಒಂದು ಹೆಜ್ಜೆ ಸರಿಯಿತು. ಎರಡನೆಯ ಆನೆ ಬಂದು ಮತ್ತೆ ಶಹ ಕೊಟ್ಟಿತು. ಬಿಳಿಯ ಮಂತ್ರಿ ಆ ಆನೆಯನ್ನು ಹೊಡೆಯಿತು. ಉಳಿದ ಆನೆ ಮಂತ್ರಿಯನ್ನು ಹೊಡೆಯಿತು. ಆಗ ರಾಜನೇ ಪಕ್ಕದ ಮನೆಗೆ ಕಾಲಿಟ್ಟು ಆ ಆನೆಯನ್ನೂ ಹೊಡೆದುಹಾಕಿದ. ಧೂಳು ಅಡಗಿದಾಗ ಸುಲ್ತಾನ್ ಖಾನನ ಬಳಿ ಮಂತ್ರಿ ಇಲ್ಲ, ಕಾಪಾಬ್ಲಾಂಕನ ಬಳಿ ಆನೆಗಳಿಲ್ಲ.

ಮಂತ್ರಿಗೆ ಎರಡು ಆನೆ ಸಮವೆಂಬುದು ಒಟ್ಟು ಲೆಕ್ಕ. ಮೇಲಾಗಿ ಎದುರಾಳಿಯ ರಾಜ ಬಯಲಲ್ಲಿದ್ದಾಗ ಎಂಟು ದಿಕ್ಕಿಗೂ ಓಡಬಲ್ಲ ಮಂತ್ರಿ ಕೈಯಲ್ಲಿರುವುದೇ ಲೇಸೆಂದು ತೋರುವುದು ಸಹಜ. ಕಾಪಾಬ್ಲಾಂಕನ ಮಂತ್ರಿ ಒಡನೆಯೇ ಬಿಳಿಯ ಸೀಮೆಯೊಳಕ್ಕೆ ನುಗ್ಗಿತು. ಆದರೆ ಅಲ್ಲಿ ಅದಕ್ಕೆ ಆಹಾರವೇ ಸಿಗಲಿಲ್ಲ. ಜತೆಗೊಡಬೇಕಾದ ಒಂಟೆ ಗೋಡೆಯ ಹಿಂದೆ. ಕುದುರೆ ಹಿಂದಿನ ಸಾಲಿನಲ್ಲಿ. ಸುಲ್ತಾನ್ ಖಾನ್ ಅವಸರಪಡಲಿಲ್ಲ. ಒಂಟೆಯನ್ನು ಹಿಂದಕ್ಕೆ ಕರೆದುಕೊಂಡ; ಒಂದು ಆನೆಯನ್ನು ಕಾವಲಿಗಿಟ್ಟು, ಇನ್ನೊಂದನ್ನು ತೆರೆದ ಸಾಲಿಗೆ ತಂದ; ಒಂದು ಕಾಲಾಳನ್ನು ಮುಂದಿಟ್ಟ. ಕರಿಯ ಮಂತ್ರಿ ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿತು. ಒಂಟಿಯಾದ ಬಲಶಾಲಿಗಿಂತ ಒಬ್ಬರಿಗೊಬ್ಬರು ಆಸರೆಯಾದ ಇಬ್ಬರು ಮೇಲೆಂಬುದು ಒಂದೊಂದು ನಡೆಗೂ ಸ್ಪಷ್ಟವಾಗುತ್ತ ಹೋಯಿತು.

ಆಟ 65 ನಡೆಗಳವರೆಗೆ ಬೆಳೆಯಿತು. ತಾಳ್ಮೆಯಿಂದ ಹಿಂಡಿ ಹಿಂಡಿ ಗೆಲ್ಲುವುದು ಕಾಪಾಬ್ಲಾಂಕನ ಸ್ವಂತ ವಿದ್ಯೆ. ಆ ವಿದ್ಯೆಯಿಂದಲೇ ಆತ ಆ ದಿನ ಸೋತ. ಪಂದ್ಯಾವಳಿ ಮುಗಿದಾಗ ಹಾಲೆಂಡಿನ ಮ್ಯಾಕ್ಸ್ ಯೂವೆ ಮೊದಲಿಗ, ಅವನಿಗಿಂತ ಅರ್ಧ ಅಂಕ ಹಿಂದೆ ಕಾಪಾಬ್ಲಾಂಕ, ಇನ್ನರ್ಧ ಅಂಕ ಹಿಂದೆ ಸುಲ್ತಾನ್ ಖಾನ್. ಈ ಒಂದು ಸೋಲು ಇಲ್ಲದಿದ್ದರೆ ಕಾಪಾಬ್ಲಾಂಕನ ಸ್ಥಾನ ಬೇರೆಯಾಗುತ್ತಿತ್ತು. ಮುಂದೆ ಸುಲ್ತಾನ್ ಖಾನನ ಪ್ರತಿಭೆ ಅಸಾಧಾರಣವಾದದ್ದೆಂದು ಒಪ್ಪಿ ಬರೆದವರಲ್ಲಿ ಕಾಪಾಬ್ಲಾಂಕನೂ ಒಬ್ಬ.

ಈಗ ಆ ಐದನೆಯ ನಡೆಗೆ ಹಿಂದಿರುಗೋಣ. ಕ್ವೀನ್ಸ್ ಇಂಡಿಯನ್ ಆರಂಭಕ್ಕೆ ಎದುರಾಗಿ ಅಂಚಿನ ಕಾಲಾಳನ್ನು ಒಂದು ಮನೆ ನಡೆಸುವ ಕ್ರಮಕ್ಕೆ ಇಂದಿನ ಪುಸ್ತಕಗಳಲ್ಲಿ ಒಂದು ಗೌರವದ ಸ್ಥಾನವಿದೆ. 1963ರಿಂದ 1969ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಟಿಗ್ರಾನ್ ಪೆಟ್ರೋಸಿಯನ್ ಅದನ್ನು ಬಳಸಿ ಬೆಳೆಸಿದ. 1980ರ ದಶಕದ ಮೊದಲ ವರ್ಷಗಳಲ್ಲಿ ತರುಣ ಕಾಸ್ಪರೋವ್ ಅದೇ ಅಸ್ತ್ರದಿಂದ ಹಲವು ಗೆಲುವುಗಳನ್ನು ಪಡೆದ. ಅದಕ್ಕೆ ಪೆಟ್ರೋಸಿಯನ್ ಪದ್ಧತಿ ಎಂದು ಹೆಸರು. ಇದರಲ್ಲಿ ಅನ್ಯಾಯವೇನೂ ಇಲ್ಲ. ಒಂದು ನಡೆಯನ್ನು ಶಾಸ್ತ್ರವಾಗಿ ಬೆಳೆಸಿದವನ ಹೆಸರು ಅದಕ್ಕೆ ಅಂಟುವುದು ವಾಡಿಕೆ. ಆದರೆ ಮಹೇಶಚಂದ್ರನ ಮನೆಮಾತಿನಂಥ ಆಟಕ್ಕೆ ದೇಶದ ಹೆಸರು ಮಾತ್ರ ಸಿಕ್ಕಿತು, ಮನುಷ್ಯನ ಹೆಸರು ಸಿಗಲಿಲ್ಲ. ಸುಲ್ತಾನ್ ಖಾನನ ಆ ಹೆಜ್ಜೆಗೆ ಎರಡೂ ಸಿಗಲಿಲ್ಲ. ಪುಸ್ತಕ ಬರೆದವರ ನೆನಪಿನಲ್ಲಿ ಪುಸ್ತಕ ಬರೆಯದವರಿಗೆ ಜಾಗ ಕಡಮೆ.

ಇಂಥ ಕಥೆಗಳನ್ನು ಹೇಳುವಾಗ ಒಂದು ಅಪಾಯವಿದೆ. ಅಕ್ಷರ ಬಾರದ ಆಳೊಬ್ಬ ವಿದ್ಯಾವಂತರನ್ನೆಲ್ಲ ಸೋಲಿಸಿದನೆಂಬ ದಂತಕಥೆ ಕಿವಿಗೆ ಹಿತವಾಗಿರುತ್ತದೆ. ಆ ಕಾಲದ ಇಂಗ್ಲಿಷ್ ಬರೆಹಗಾರರು ಆತನನ್ನು ಹಾಗೆಯೇ ಚಿತ್ರಿಸಿದರು. ಅನೇಕರು ಅದನ್ನೇ ನಕಲು ಮಾಡುತ್ತ ಬಂದರು. ಆತ ನಿರಕ್ಷರಿಯೂ ಅಲ್ಲ, ಮನೆಯಾಳೂ ಅಲ್ಲ ಎಂದು ಆತನ ವಂಶದವರು ಈಚಿನ ವರ್ಷಗಳಲ್ಲಿ ಬಲವಾಗಿ ಆಕ್ಷೇಪಿಸಿದ್ದಾರೆ. ಆ ಆಕ್ಷೇಪಕ್ಕೆ ನಾವು ಕಿವಿಗೊಡಬೇಕು. ಯಾಕೆಂದರೆ ‘ಪಾಪ, ಏನೂ ತಿಳಿಯದವನು’ ಎಂಬ ಹೊಗಳಿಕೆಯಲ್ಲಿ ಒಂದು ತಿರಸ್ಕಾರ ಅಡಗಿರುತ್ತದೆ. ಏನೂ ತಿಳಿಯದವನು ಕಾಪಾಬ್ಲಾಂಕನನ್ನು ಗೆಲ್ಲಲಾರ. ಆತನಿಗೆ ತಿಳಿದಿತ್ತು, ತಿಳಿದದ್ದು ಬೇರೊಂದು ಜಗಲಿಯಿಂದ ಬಂದಿತ್ತು, ಅಷ್ಟೆ.

ಹಾಗೆಂದು ಆರಂಭದ ಶಾಸ್ತ್ರ ವ್ಯರ್ಥವೆನ್ನಲಾಗದು. ಅದರ ಕೊರತೆಗೆ ಆತ ಬೆಲೆ ತೆತ್ತ. ಎಷ್ಟೋ ಆಟಗಳಲ್ಲಿ ಮೊದಲು ಇಕ್ಕಟ್ಟಿಗೆ ಸಿಕ್ಕಿ, ಆಮೇಲೆ ಮೈಮುರಿದು ದುಡಿದು ಹೊರಬರಬೇಕಾಯಿತು. ಆದರೂ ಆತನ ಸಾಧನೆ ಸಣ್ಣದಲ್ಲ. 1932 ಮತ್ತು 1933ರಲ್ಲಿ ಮತ್ತೆ ಬ್ರಿಟಿಷ್ ಚಾಂಪಿಯನ್ ಆದ. 1930, 1931, 1933ರ ಒಲಿಂಪಿಯಾಡ್‌ಗಳಲ್ಲಿ ಇಂಗ್ಲೆಂಡಿನ ತಂಡದ ಮೊದಲನೆಯ ಮಣೆಯಲ್ಲಿ ಕುಳಿತ. 1931ರಲ್ಲಿ ಪ್ರಾಗ್ ನಗರದಲ್ಲಿ ರೂಬಿನ್‌ಸ್ಟೈನ್‌ನನ್ನೂ ಫ್ಲೋರ್‌ನನ್ನೂ ಗೆದ್ದು, ಆಗಿನ ವಿಶ್ವ ಚಾಂಪಿಯನ್ ಅಲೆಖಿನ್‌ನೊಡನೆ ಸಮ ಮಾಡಿಕೊಂಡ. 1933ರಲ್ಲಿ ಉಮರ್ ಹಯಾತ್ ಅವರ ಪರಿವಾರದವಳೇ ಆದ ಫಾತಿಮಾ ಎಂಬಾಕೆ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದುದನ್ನೂ ಇಲ್ಲೇ ಹೇಳಬೇಕು.

ಆ ವರ್ಷದ ಕೊನೆಗೆ ಎಲ್ಲರೂ ಊರಿಗೆ ಹಿಂದಿರುಗಿದರು. 1935ರಲ್ಲಿ ಖಾಡಿಲ್ಕರ್ ಎಂಬ ಆಟಗಾರನೊಡನೆ ಹತ್ತು ಆಟಗಳನ್ನಾಡಿ ಸುಲ್ತಾನ್ ಖಾನ್ ಒಂಬತ್ತನ್ನು ಗೆದ್ದ, ಒಂದು ಸಮವಾಯಿತು. ಅಲ್ಲಿಗೆ ಪಂದ್ಯದ ಲೋಕದಿಂದ ಮರೆಯಾದ. ಯೂರೋಪಿನಲ್ಲಿ ಆತ ಆಡಿದ್ದು ಐದು ವರ್ಷಗಳೂ ತುಂಬದ ಕಾಲ. 1950ರಲ್ಲಿ ವಿಶ್ವ ಚದುರಂಗ ಸಂಸ್ಥೆ ಮೊತ್ತಮೊದಲ ಗ್ರ್ಯಾಂಡ್‌ಮಾಸ್ಟರ್‌ಗಳ ಪಟ್ಟಿಯನ್ನು ಮಾಡಿದಾಗ ಆಟದಿಂದ ನಿವೃತ್ತರಾಗಿದ್ದ ಹಿರಿಯರನ್ನೂ ನೆನಪಿಟ್ಟು ಸೇರಿಸಿತು; ಸುಲ್ತಾನ್ ಖಾನ್ ಸೋಲಿಸಿದ್ದ ರೂಬಿನ್‌ಸ್ಟೈನ್‌ನ ಹೆಸರು ಅದರಲ್ಲಿತ್ತು, ಸುಲ್ತಾನ್ ಖಾನನ ಹೆಸರಿರಲಿಲ್ಲ. ಆಗ ಆತ ತನ್ನ ಸೀಮೆಯಲ್ಲಿ ಜೀವಂತವಾಗಿದ್ದ. 1966ರಲ್ಲಿ ಕ್ಷಯರೋಗದಿಂದ ತೀರಿಕೊಂಡ. 2024ರ ಫೆಬ್ರುವರಿಯಲ್ಲಿ ಅದೇ ಸಂಸ್ಥೆ ಆತನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ನೀಡಿತು. ಆತ ಸತ್ತು 58 ವರ್ಷಗಳು ಕಳೆಯುತ್ತ ಬಂದಿದ್ದವು.

ಸತ್ತವನಿಗೆ ಪದವಿಯಿಂದ ಏನಾಗಬೇಕು ಎಂದು ಕೇಳಬಹುದು. ಅವನಿಗೇನೂ ಆಗಬೇಕಾದ್ದಿಲ್ಲ; ಆಗಬೇಕಾದ್ದು ನಮಗೆ. ಲೋಕದ ನೆನಪಿನ ಪುಸ್ತಕದಲ್ಲಿ ಬಿಟ್ಟುಹೋದ ಸಾಲೊಂದನ್ನು ತಡವಾಗಿಯಾದರೂ ಬರೆದರೆ ಆ ಪುಸ್ತಕವನ್ನು ನಂಬಬಹುದೆಂಬ ಧೈರ್ಯ ನಮಗೆ ಬರುತ್ತದೆ.

ಅಜ್ಜ ಹೋಗಿ ಬಹಳ ಕಾಲವಾಯಿತು. ಅವರು ಆಡಿದ ಒಂದು ಆಟವನ್ನೂ ಯಾರೂ ಬರೆದಿಡಲಿಲ್ಲ. ಸೋದರಮಾವನವರು ಮುಪ್ಪಿನಲ್ಲಿ ಒಮ್ಮೆ ನನ್ನೊಡನೆ ಆಟಕ್ಕೆ ಕುಳಿತಿದ್ದರು. ಐದಾರು ನಡೆಗಳಾದ ಮೇಲೆ ಬಹಳ ಹೊತ್ತು ಯೋಚಿಸಿ, ಅಂಚಿನ ಕಾಲಾಳನ್ನು ಎರಡು ಮನೆ ಎತ್ತಿದರು; ಕೈ ತಡೆಯಿತು; ಒಂದೇ ಮನೆಯಲ್ಲಿ ಇಳಿಸಿದರು. ನಾನು ಅವರ ಮುಖ ನೋಡಿದೆ. ಅವರು ಏನೂ ಹೇಳಲಿಲ್ಲ. ಆ ನಡೆ ಯಾರದೆಂದು ಇಬ್ಬರಿಗೂ ಗೊತ್ತಿತ್ತು.